ವಿಜಾಪುರೆ, ರಾಮಭಾವು (1917–2010)

ಹಿಂದೂಸ್ತಾನಿ ಸಂಗೀತದ ಹಾರ್ಮೋನಿಯಂ ವಾದಕರು ಮತ್ತು ಸಂಗೀತ ಗುರುಗಳು. ಮನೆತನದ ಹೆಸರನ್ನು ಬಿಜಾಪುರೆ ಎಂದೂ ಬರೆಯುವುದುಂಟು. ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ 1917ರ ಜನವರಿ 7ರಂದು ಜನಿಸಿದ ಇವರು ಹಾರ್ಮೋನಿಯಂ ವಾದನವನ್ನು ಅಣ್ಣಿಗೇರಿ ಮಲ್ಲಯ್ಯ, ಗೋವಿಂದರಾವ್ ಗಾಯಕವಾಡ ಮೊದಲಾದವರಲ್ಲಿಯೂ ಗಾಯನವನ್ನು ಗ್ವಾಲಿಯರ್ ಪರಂಪರೆಯ ರಾಮಕೃಷ್ಣಬುವಾ ವಝೆಯವರಲ್ಲಿಯೂ ಅಭ್ಯಾಸ ಮಾಡಿದರು. ಈ ಎರಡನೆಯ ಶಿಕ್ಷಣವೇ ಇವರ ವಾದನಕ್ಕೆ ತಳಹದಿಯಾಯಿತೆಂದು ಹೇಳಬಹುದು.

ವಾದ್ಯ ಮತ್ತು ಶ್ರುತಿ: ಉತ್ತರ ಕರ್ನಾಟಕದಲ್ಲಿ ಪೇಟಿ ಎಂದು ಕರೆಯಲಾಗುವ ಈ ವಾದ್ಯ ಯುರೋಪಿನಿಂದ ಬಂದದ್ದು, ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬ್ಯಾಂ 1842ರಲ್ಲಿ ಇದರ ಪೇಟೆಂಟ್ ಪಡೆದನು. ಕಾಲಿನಿಂದ ಗಾಳಿಯೂದುವ ಆ ವಾದ್ಯ ಭಾರತದಲ್ಲಿ ಕೈತಿದಿಯ ಪೆಟ್ಟಿಗೆಯಾಗಿ, ನಾಟಕ ಕಂಪನಿಗಳಿಂದ ರಾಯಚೂರು, ಮಾನ್ವಿ, ದೇವದುರ್ಗಗಳ ಭಜನಾ ಮೇಳಗಳವರೆಗೆ ಹಬ್ಬಿತು. ಪಿಯಾನೋದಂತೆ ಇದರಲ್ಲಿಯೂ ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಒಡೆಯಲಾಗಿದೆ. ಸಪ್ತಕವನ್ನು 1200 ಸೆಂಟ್‌ಗಳೆಂಬ ಸೂಕ್ಷ್ಮ ಅಳತೆಯಲ್ಲಿ ಎಣಿಸಿದರೆ, ತಂಬೂರಿಯ ಷಡ್ಜದಿಂದ ತಾನಾಗಿ ಹೊಮ್ಮುವ ಶುದ್ಧ ಗಾಂಧಾರ ಸುಮಾರು 386ರಲ್ಲಿ ನಿಂತರೆ ಸಮಭಾಗದ ಪೇಟಿಯ ಗಾಂಧಾರ 400ರಲ್ಲಿ ನಿಲ್ಲುತ್ತದೆ. ಪಂಚಮದ ವ್ಯತ್ಯಾಸ ಕೇವಲ 2 ಸೆಂಟ್ ಆದ್ದರಿಂದ ಕಿವಿಗೆ ತಟ್ಟುವುದಿಲ್ಲ, ಗಾಂಧಾರದ 14 ಸೆಂಟ್ ತಟ್ಟುತ್ತದೆ. ಇದಲ್ಲದೆ ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆ ಕಡಿಯದೆ ಜಾರುವ ಮೀಂಡ್ ರೀಡಿನ ವಾದ್ಯದಲ್ಲಿ ಅಸಾಧ್ಯ. ಸಮರ್ಥ ವಾದಕರು ಪಕ್ಕದ ಸ್ವರವನ್ನು ಕ್ಷಣಮಾತ್ರ ಸೋಕಿಸಿ, ಎಡಗೈಯ ತಿದಿಯ ಒತ್ತಡದಿಂದ ನಾದವನ್ನು ಉಬ್ಬಿಸಿ ಇಳಿಸಿ, ಆ ಜಾರುವಿಕೆಯ ಭಾಸವನ್ನಷ್ಟೇ ಮೂಡಿಸುತ್ತಾರೆ. ಹಾಡುಗಾರಿಕೆಯ ನಡೆಯನ್ನು ವಾದ್ಯದಲ್ಲಿ ತರುವ ಈ ಗಾಯಕಿ ಶೈಲಿಗೆ ಗಾಯನದ ಅನುಭವವಿಲ್ಲದ ಬೆರಳು ಸಾಲದು.

ಆಕಾಶವಾಣಿಯ ನಿಷೇಧ: ಇಂಥ ಆಕ್ಷೇಪಗಳಿಂದಲೂ ಪರದೇಶಿ ವಾದ್ಯವೆಂಬ ಭಾವನೆಯಿಂದಲೂ 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧಗೊಂಡಿತು, ರವೀಂದ್ರನಾಥ ಠಾಕೂರರೂ ಆ ವಾದ್ಯದ ವಿರೋಧಿಗಳಾಗಿದ್ದರು. 1971ರಲ್ಲಿ ನಿರ್ಬಂಧ ಭಾಗಶಃ ಸಡಿಲವಾಯಿತು. ಧಾರವಾಡ ಕೇಂದ್ರ 1950ರಲ್ಲಿ ಆರಂಭವಾದದ್ದು ಈ ನಡುವೆಯೇ ಆದುದರಿಂದ, ವಿಜಾಪುರೆಯವರ ಪ್ರೌಢ ವಯಸ್ಸಿನ ಬಹುಭಾಗದಲ್ಲಿ ಸಮೀಪದ ಬಾನುಲಿಯೂ ಅವರ ವಾದ್ಯಕ್ಕೆ ಮುಚ್ಚಿತ್ತು. ಕಛೇರಿಗಳು ಮಾತ್ರ ಮುಚ್ಚಿರಲಿಲ್ಲ: ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವರಂಥ ಗಾಯಕರಿಗೆ ಇವರು ಸಾಥ್ ನೀಡಿದರು. ಗಾಯಕನ ಆಲಾಪದ ನೆರಳಾಗಿ ಅರೆಕ್ಷಣ ಹಿಂದೆ ಸಾಗಿ, ಅವನು ಉಸಿರು ತೆಗೆದುಕೊಳ್ಳುವ ಎಡೆಯನ್ನು ಅವನದೇ ಸ್ವರಗುಚ್ಛದಿಂದ ತುಂಬುವುದು ಸಾಥಿಯ ಕೆಲಸ. ಇದನ್ನು ಎರಡನೆಯ ದರ್ಜೆಯ ಕಲೆಯೆಂದು ಎಣಿಸುವ ರೂಢಿ ಸಮಂಜಸವೆನಿಸದು.

ಬೋಧನೆ: ಇಪ್ಪತ್ತೊಂದರ ಪ್ರಾಯದಲ್ಲಿ, 1938ರಲ್ಲಿ, ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದ ಇವರು ದಶಕಗಳ ಕಾಲ ಗಾಯನ, ಹಾರ್ಮೋನಿಯಂಗಳೆರಡನ್ನೂ ಕಲಿಸಿದರು. ಶಿಷ್ಯರಲ್ಲಿ ಸುಧಾಂಶು ಕುಲಕರ್ಣಿ, ರವೀಂದ್ರ ಕಾಟೋಟಿ ಪ್ರಮುಖರು. ಇಬ್ಬರೂ ಸಾಥಿನ ಜೊತೆಗೆ ಏಕವ್ಯಕ್ತಿ ವಾದನದಲ್ಲಿಯೂ ಹೆಸರಾದವರು. ವಿಜಾಪುರೆಯವರು 2010ರ ನವೆಂಬರ್ 19ರಂದು ನಿಧನರಾದರು.