ಮಾಟುಂಗಾದ ಮನೆ: ಕೊಳ್ಳುವ ಮುನ್ನ, ಬೀಗ ಹಾಕುವ ಮುನ್ನ

ಮುಂಬಯಿಯ ಮಾಟುಂಗಾ ಪೂರ್ವ ಬಡಾವಣೆಯು ತಾನಾಗಿ ಬೆಳೆದುದಲ್ಲ, ನಕ್ಷೆ ಬರೆದು ಕಟ್ಟಿದುದು. 1896ರಲ್ಲಿ ನಗರವನ್ನು ಹೊಕ್ಕ ಪ್ಲೇಗು ಇಕ್ಕಟ್ಟಾದ ಕೇರಿಗಳಲ್ಲಿ ಸಾವಿರಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ಅದರ ಫಲವಾಗಿ 1898ರಲ್ಲಿ ಸ್ಥಾಪನೆಗೊಂಡ ನಗರ ಸುಧಾರಣಾ ಟ್ರಸ್ಟು ದಾದರ್, ಮಾಟುಂಗಾ, ವಡಾಲಾ, ಸಯನ್ ಪ್ರದೇಶಗಳಲ್ಲಿ ಹೊಸ ವಸತಿ ಯೋಜನೆಗಳನ್ನು ಕೈಗೊಂಡಿತು. ಅಗಲವಾದ ರಸ್ತೆಗಳು, ಸಾಲುಮರಗಳು, ಫೈವ್ ಗಾರ್ಡನ್ಸ್, ಇಂದು ಮಹೇಶ್ವರಿ ಉದ್ಯಾನವೆಂದು ಹೆಸರಾಂತರಗೊಂಡರೂ ಎಲ್ಲರ ಬಾಯಲ್ಲಿ ಕಿಂಗ್ಸ್ ಸರ್ಕಲ್ ಆಗಿಯೇ ಉಳಿದಿರುವ ವೃತ್ತ, ಇವೆಲ್ಲವೂ ಆ ಯೋಜನೆಯ ಕೊಡುಗೆ. ಎತ್ತರದ ಛಾವಣಿ, ದುಂಡನೆಯ ಬಾಲ್ಕನಿಗಳುಳ್ಳ ಇಲ್ಲಿನ ಹಳೆಯ ಕಟ್ಟಡಗಳಲ್ಲಿ ಹಲವು 1920ರಿಂದ 1940ರ ದಶಕದವರೆಗಿನವು.

ನೌಕರಿಯನ್ನರಸಿ ಬಂದ ದಕ್ಷಿಣ ಭಾರತೀಯರಿಗೆ ಮಾಟುಂಗಾ ಎರಡನೆಯ ತವರಾಯಿತು. ಮೈಸೂರು ಅಸೋಸಿಯೇಷನ್ 1926ರಿಂದ ಕನ್ನಡಿಗರನ್ನು ಒಗ್ಗೂಡಿಸುತ್ತ ಬಂದಿದೆ. 1940ರ ಕೆಫೆ ಮದ್ರಾಸ್, 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಗಿರಾಕಿಗಳಿಂದ ತುಂಬಿರುತ್ತವೆ. ಆದರೆ ಇಲ್ಲಿ ನೆಲೆಸಿದ ನಮ್ಮ ಹಿರಿಯರಲ್ಲಿ ಅನೇಕರು ಮನೆಯ ಮಾಲೀಕರಾಗಿರಲಿಲ್ಲ, ಬಾಡಿಗೆದಾರರಾಗಿದ್ದರು ಎಂಬುದನ್ನು ಅವರ ಮಕ್ಕಳೇ ಮರೆತಿರುವುದುಂಟು. ಅರುವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಕುಟುಂಬವು ಅದನ್ನು ‘ನಮ್ಮ ಮನೆ’ ಎನ್ನುವುದು ಸಹಜವೇ. ಕಾನೂನು ಮಾತ್ರ ಬೇರೆ ಪ್ರಶ್ನೆಯನ್ನು ಕೇಳುತ್ತದೆ.

ಮಾಟುಂಗಾದಲ್ಲಿ ಮನೆಯೊಂದು ಮಾರಾಟಕ್ಕಿದೆ ಎಂದರೆ ಅದು ಹೌಸಿಂಗ್ ಸೊಸೈಟಿಯ ಫ್ಲ್ಯಾಟ್ ಆಗಿರಬಹುದು, ಪುನರ್ನಿರ್ಮಾಣಗೊಂಡ ಗೋಪುರದ ಹೊಸ ಫ್ಲ್ಯಾಟ್ ಆಗಿರಬಹುದು ಅಥವಾ ಪಗಡಿಯ ಮನೆಯಾಗಿರಬಹುದು. ಮೊದಲೆರಡನ್ನು ಕೊಳ್ಳುವವನು ಒಡೆಯನಾಗುತ್ತಾನೆ. ಮೂರನೆಯದನ್ನು ‘ಕೊಳ್ಳುವವನು’ ಲಕ್ಷಾಂತರ, ಕೆಲವೊಮ್ಮೆ ಕೋಟಿ ಮೀರಿದ ಹಣ ತೆತ್ತೂ ಬಾಡಿಗೆದಾರನಾಗಿಯೇ ಇರುತ್ತಾನೆ. ಬೆಲೆ ಅಗ್ಗವೆಂದು ಹಿಗ್ಗುವ ಮೊದಲು ಈ ವ್ಯತ್ಯಾಸವನ್ನು ಅರಿಯುವುದೊಳಿತು.

ಪಗಡಿಯ ಮೂಲ ಹೀಗಿದೆ. 1947ರ ಬಾಡಿಗೆ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು ಬಹುಮಟ್ಟಿಗೆ 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆಯಲ್ಲಿ ಸಿಗದ ಬೆಲೆಯನ್ನು ಮನೆ ಕೈಬದಲಾಗುವಾಗ ಒಟ್ಟಿಗೆ ಪಡೆಯುವ ಪದ್ಧತಿ ಬೆಳೆಯಿತು. ಬಹುಕಾಲ ಮುಚ್ಚುಮರೆಯಲ್ಲಿ ನಡೆದ ಈ ವ್ಯವಹಾರಕ್ಕೆ, 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ (1999)ಯ 56ನೆಯ ವಿಧಿಯು ಮಾನ್ಯತೆ ನೀಡಿತು. ಬಾಡಿಗೆದಾರನು ತನ್ನ ಹಕ್ಕನ್ನು ಇನ್ನೊಬ್ಬನಿಗೆ ವಹಿಸುವಾಗ ಮಾಲೀಕನ ಒಪ್ಪಿಗೆ ಬೇಕು. ಅದಕ್ಕಾಗಿ ಮಾಲೀಕನು ಒಟ್ಟು ಮೊತ್ತದಲ್ಲಿ ಪಾಲು ಪಡೆಯುವುದು ರೂಢಿ. ಮೂರನೆಯ ಒಂದು ಭಾಗದ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆಯಾದರೂ ಅದು ಕಾನೂನು ಗೊತ್ತುಪಡಿಸಿದ ಪ್ರಮಾಣವಲ್ಲ, ಮಾತುಕತೆಯಲ್ಲಿ ತೀರ್ಮಾನವಾಗುವಂಥದು.

ಕೊಳ್ಳುವವರಿಗಿಂತಲೂ ಈಗಾಗಲೇ ಪಗಡಿ ಮನೆಯಲ್ಲಿರುವ ನಮ್ಮ ಕುಟುಂಬಗಳಿಗೆ ಹೆಚ್ಚು ಮುಖ್ಯವಾದುದು ಉತ್ತರಾಧಿಕಾರದ ವಿಚಾರ. ಇದೇ ಕಾಯಿದೆಯ 7(15) ವಿಧಿಯ ಪ್ರಕಾರ ಬಾಡಿಗೆದಾರ ತೀರಿಕೊಂಡಾಗ, ಆ ಸಮಯದಲ್ಲಿ ಆತನೊಡನೆ ಅದೇ ಮನೆಯಲ್ಲಿ ವಾಸವಾಗಿದ್ದ ಕುಟುಂಬದ ಸದಸ್ಯನಿಗೆ ಹಕ್ಕು ಬರುತ್ತದೆ. ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಉಳಿದ ವಾರಸುದಾರರ ಸರದಿ. ಅವರಲ್ಲಿ ಒಮ್ಮತವಿಲ್ಲದಿದ್ದರೆ ನ್ಯಾಯಾಲಯವೇ ತೀರ್ಮಾನಿಸಬೇಕು. ಹಿರಿಯ ಮಗ ಠಾಣೆಯಲ್ಲಿ, ಕಿರಿಯವನು ಬೆಂಗಳೂರಿನಲ್ಲಿ, ವೃದ್ಧೆ ತಾಯಿಯೊಡನೆ ಮಾಟುಂಗಾದಲ್ಲಿರುವವಳು ಮಗಳು ಎಂದಾದರೆ, ಆ ಮಗಳ ವಾಸಕ್ಕೆ ಕಾನೂನಿನಲ್ಲಿ ತೂಕವಿದೆ. ಮೂವರಿಗೂ ಸಮಪಾಲೆಂದು ತಾಯಿ ಉಯಿಲು ಬರೆದಿಟ್ಟರೂ ಅದು ಫಲಿಸದು. ಹಳೆಯ ಕಾಯಿದೆಯಡಿ ಬಂದ ಪ್ರಕರಣವೊಂದರಲ್ಲಿ ಬಾಡಿಗೆ ಹಕ್ಕನ್ನು ಉಯಿಲಿನ ಮೂಲಕ ಕೊಡಲಾಗದೆಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿಯೇ ಹೇಳಿದೆ. ಒಡಹುಟ್ಟಿದವರ ನಡುವೆ ಮಾತು ಮುರಿದುಬೀಳಲು ಇಷ್ಟು ಸಾಕು. ಆದುದರಿಂದ ಹಿರಿಯರು ಗಟ್ಟಿಯಾಗಿರುವಾಗಲೇ ಎಲ್ಲರೂ ಕುಳಿತು ಮಾತನಾಡುವುದು, ಹಕ್ಕು ಪಡೆಯುವವರು ಉಳಿದವರಿಗೆ ಏನು ಕೊಡಬೇಕೆಂದು ಬರೆದಿಡುವುದು ವಿವೇಕ.

ಬೀಗ ಹಾಕಿದ ಮನೆಯ ಗಂಡಾಂತರ ಇನ್ನೊಂದು. ಸಕಾರಣವಿಲ್ಲದೆ ಆರು ತಿಂಗಳು ಎಡೆಬಿಡದೆ ಮನೆಯನ್ನು ಬಳಸದಿದ್ದರೆ, ಅದನ್ನೇ ಆಧಾರವಾಗಿಟ್ಟುಕೊಂಡು ಮಾಲೀಕನು ತೆರವಿಗಾಗಿ ದಾವೆ ಹೂಡಬಹುದು. ಲಿಫ್ಟ್ ಇಲ್ಲದ ಕಟ್ಟಡದ ಮೂರು ಮಹಡಿ ಹತ್ತಲಾರದೆ ಮಗನ ಮನೆ ಸೇರುವ ಹಿರಿಯರು, ಊರಿನಲ್ಲಿ ವರ್ಷಗಟ್ಟಲೆ ಉಳಿಯುವವರು ಇದನ್ನು ನೆನಪಿಡಬೇಕು. ಮನೆ ಖಾಲಿ ಬಿಡುವುದೇಕೆಂದು ಮಾಲೀಕನ ಅನುಮತಿಯಿಲ್ಲದೆ ಇನ್ನೊಬ್ಬರನ್ನು ಬಾಡಿಗೆಗಿಡುವುದಂತೂ ತೆರವಿಗೆ ಮತ್ತೊಂದು ಕಾರಣವನ್ನು ತಾನಾಗಿ ಒದಗಿಸಿದಂತೆ.

ಈ ತೊಡಕುಗಳಿದ್ದೂ ಪಗಡಿ ಮನೆಗೆ ಗಿರಾಕಿಗಳಿರುವುದು ಪುನರ್ನಿರ್ಮಾಣದ ಆಸೆಯಿಂದ. 1969ರ ಸೆಪ್ಟೆಂಬರ್‌ಗೆ ಮೊದಲು ಕಟ್ಟಿದ, ದುರಸ್ತಿ ಕರ ತೆರುವ ಕಟ್ಟಡಗಳನ್ನು ‘ಸೆಸ್’ ಕಟ್ಟಡಗಳೆನ್ನುತ್ತಾರೆ. ಇಂಥವನ್ನು ಅಭಿವೃದ್ಧಿ ನಿಯಮ 33(7)ರಡಿ ಕೆಡವಿ ಕಟ್ಟಿದಾಗ ಅರ್ಹ ಬಾಡಿಗೆದಾರನಿಗೆ ಮಾಲೀಕತ್ವದ ಹೊಸ ಫ್ಲ್ಯಾಟ್ ದೊರೆಯುತ್ತದೆ. ಎಷ್ಟೇ ಸಣ್ಣ ಕೋಣೆಯಲ್ಲಿದ್ದವರಿಗೂ ಕನಿಷ್ಠ 300 ಚದರ ಅಡಿ ಕೊಡಬೇಕೆಂಬುದು ಈಗಿನ ನಿಯಮ. ಹಿಂದೆ ಶೇಕಡಾ 70 ಬಾಡಿಗೆದಾರರ ಒಪ್ಪಿಗೆ ಬೇಕಿತ್ತು, ಈಗ ಶೇಕಡಾ 51 ಸಾಕು. ಆದರೆ ಕಟ್ಟಡ ಕೆಡವಿದ ಬಳಿಕ ಕೆಲಸ ನಿಂತು, ತಾತ್ಕಾಲಿಕ ವಾಸದ ಬಾಡಿಗೆಯೂ ನಿಂತು ಪರದಾಡಿದ ಕುಟುಂಬಗಳು ಈ ನಗರದಲ್ಲಿ ಕಡಿಮೆಯಿಲ್ಲ. 2017ರಿಂದ ಜಾರಿಯಲ್ಲಿರುವ ರೇರಾ ಕಾಯಿದೆಯು ಹೊಸದಾಗಿ ಫ್ಲ್ಯಾಟ್ ಕೊಳ್ಳುವವನಿಗೆ ಬಲ ನೀಡಿದೆ. ಹಳೆಯ ಬಾಡಿಗೆದಾರನ ಬಲವಿರುವುದು ಮುಖ್ಯವಾಗಿ ಆತನ ನೋಂದಾಯಿತ ಒಪ್ಪಂದಪತ್ರದಲ್ಲಿ. ಕಾರ್ಪೆಟ್ ವಿಸ್ತೀರ್ಣ, ಮುಗಿಸುವ ಗಡುವು, ತಿಂಗಳ ಬಾಡಿಗೆ, ಅದಕ್ಕೆ ಬ್ಯಾಂಕ್ ಖಾತರಿ, ಇವು ಅದರಲ್ಲಿ ಇಲ್ಲದೆ ಕೀಲಿಕೈ ಒಪ್ಪಿಸಬಾರದು.

ಸೊಸೈಟಿಯ ಫ್ಲ್ಯಾಟಿನ ವಿಚಾರ ಇಷ್ಟು ಜಟಿಲವಲ್ಲ. ಷೇರು ಪ್ರಮಾಣಪತ್ರ, ಹಿಂದಿನ ಎಲ್ಲ ಮಾರಾಟ ಕರಾರುಗಳ ಸರಣಿ, ಬಾಕಿಯಿಲ್ಲವೆಂಬ ಪತ್ರ ನೋಡಬೇಕು. ಸೊಸೈಟಿಯು ವರ್ಗಾವಣೆಗಾಗಿ 25,000 ರೂಪಾಯಿಗಿಂತ ಹೆಚ್ಚು ಪ್ರೀಮಿಯಂ ಕೇಳುವಂತಿಲ್ಲ. ಮಾಟುಂಗಾದಲ್ಲಿ ಮಾತ್ರ ಇನ್ನೊಂದನ್ನು ವಿಚಾರಿಸಬೇಕು: ಟ್ರಸ್ಟು ತನ್ನ ನಿವೇಶನಗಳನ್ನು ದೀರ್ಘಾವಧಿ ಗುತ್ತಿಗೆಗೆ ಕೊಡುತ್ತಿತ್ತು, 1933ರಲ್ಲಿ ಅದರ ಆಸ್ತಿ ನಗರಪಾಲಿಕೆಗೆ ಸೇರಿತು. ನೆಲ ಗುತ್ತಿಗೆಯದೇ, ಎಷ್ಟು ವರ್ಷ ಉಳಿದಿದೆ ಎಂಬುದನ್ನು ಪ್ರಾಪರ್ಟಿ ಕಾರ್ಡ್ ಮತ್ತು ಗುತ್ತಿಗೆ ಪತ್ರದಿಂದ ತಿಳಿಯಬಹುದು. ಮನೆಯನ್ನು ಮಹಿಳೆಯ ಹೆಸರಿನಲ್ಲಿಯೇ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1ರ ರಿಯಾಯಿತಿ 2021ರಿಂದ ದೊರೆಯುತ್ತಿದೆ.

ಸಾಲದ ವಿಷಯ ಬ್ಯಾಂಕಿನವರಿಗೆ ದಿನನಿತ್ಯದ್ದು. ಸೊಸೈಟಿ ಫ್ಲ್ಯಾಟಿಗೆ ಗೃಹಸಾಲ ಸಲೀಸಾಗಿ ದೊರೆಯುತ್ತದೆ. ಪಗಡಿ ಮನೆಯಲ್ಲಿ ಅಡವಿಡಲು ಬಾಡಿಗೆದಾರನಿಗೆ ಒಡೆತನವೇ ಇಲ್ಲವಾದ್ದರಿಂದ ಬ್ಯಾಂಕುಗಳು ಸಾಮಾನ್ಯವಾಗಿ ಕೊಡುವುದಿಲ್ಲ. ನಿವೃತ್ತಿಯ ಗಂಟನ್ನೆಲ್ಲ ಸುರಿದು ಪಗಡಿ ಕೊಂಡವರು ಮುಂದೆ ಆಸ್ಪತ್ರೆಯ ಖರ್ಚಿಗೆ ಅದರ ಮೇಲೆ ಸಾಲ ಎತ್ತಲಾರರು.

ಈಗಿರುವ ಪಗಡಿ ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಬಾಡಿಗೆ ರಸೀದಿಯನ್ನು ತೆಗೆದು ನೋಡುವುದು. ಅದು ಎಂದೋ ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಬರುತ್ತಿದ್ದರೆ, ಹೆಸರು ಬದಲಾವಣೆಗೆ ಮಾಲೀಕನಿಗೆ ಲಿಖಿತವಾಗಿ ಬರೆದು ಸ್ವೀಕೃತಿ ಪಡೆಯಬೇಕು. ಹಳೆಯ ರಸೀದಿಗಳು, ರೇಷನ್ ಕಾರ್ಡು, ವಿದ್ಯುತ್ ಬಿಲ್ಲು, ಮತದಾರರ ಪಟ್ಟಿಯ ಪ್ರತಿಗಳನ್ನು ಒಂದೇ ಕಡತದಲ್ಲಿ ಜೋಡಿಸಿಡಬೇಕು. ಯಾರು ಯಾವಾಗಿನಿಂದ ಅಲ್ಲಿ ವಾಸವಾಗಿದ್ದಾರೆಂದು ನ್ಯಾಯಾಲಯ ಕೇಳಿದಾಗ ಮುಂದಿಡಬೇಕಾದ ಕಾಗದಗಳು ಅವೇ.