ಏಪ್ರನ್ ದಾರ ಮತ್ತು ಹೆಬ್ಬೆರಳು: ಎರಡು ಇಂಗ್ಲಿಷ್ ನುಡಿಗಟ್ಟುಗಳ ಚರಿತ್ರೆ

ನುಡಿಗಟ್ಟಿನ ಮೂಲವನ್ನು ಅರಸುವ ಸಂಶೋಧಕನಿಗೆ ಎರಡು ತೊಡಕುಗಳು ಎದುರಾಗುತ್ತವೆ. ಇದ್ದ ಚರಿತ್ರೆ ಮರೆತುಹೋಗಿರುವುದು ಒಂದು. ಇಲ್ಲದ ಚರಿತ್ರೆ ಬಂದು ಅಂಟಿಕೊಂಡಿರುವುದು ಮತ್ತೊಂದು. ದಾಂಪತ್ಯದ ಸಾಮೀಪ್ಯ ಹಾಗೂ ಹಿಡಿತಗಳಿಗೆ ಸಂಬಂಧಿಸಿದ ಎರಡು ಇಂಗ್ಲಿಷ್ ನುಡಿಗಟ್ಟುಗಳು ಇವೆರಡಕ್ಕೂ ನಿದರ್ಶನವಾಗಿವೆ.

ತಾಯಿಯ ಅಥವಾ ಹೆಂಡತಿಯ 'ಏಪ್ರನ್ ದಾರಕ್ಕೆ ಕಟ್ಟುಬಿದ್ದವನು' ಎಂದರೆ ಇಂದಿನ ಇಂಗ್ಲಿಷಿನಲ್ಲಿ ಸ್ವಂತ ನಿರ್ಧಾರವಿಲ್ಲದವನೆಂದು ಅರ್ಥ. ಅಡುಗೆಮನೆಯ ಚಿತ್ರವೇ ಇದರ ಮೂಲವೆಂದು ಯಾರಿಗಾದರೂ ತೋರುವುದು ಸಹಜ. ಆದರೆ 17ನೆಯ ಶತಮಾನದಲ್ಲಿ 'ಏಪ್ರನ್ ದಾರದ ಹಿಡುವಳಿ' ಎಂಬುದು ಆಸ್ತಿಯ ವ್ಯವಹಾರಕ್ಕೆ ಸೇರಿದ ಮಾತಾಗಿತ್ತು. ವಿವಾಹಿತೆಯ ಜಮೀನಿನ ಆಡಳಿತವೂ ಆದಾಯವೂ ಅಂದಿನ ಇಂಗ್ಲೆಂಡಿನ ಕಾನೂನಿನಂತೆ ಗಂಡನ ಕೈಸೇರುತ್ತಿದ್ದವು. ಆದರೆ ಆ ಹಕ್ಕು ಅವನಿಗೆ ಬಂದದ್ದು ಹೆಂಡತಿಯ ಮೂಲಕ. ಹೆಂಡತಿ ಬದುಕಿರುವವರೆಗೆ ಮಾತ್ರ ಗಂಡನಿಗೆ ದಕ್ಕುವ ಆಸ್ತಿ ಎಂಬ ಅರ್ಥವನ್ನೇ ಫ್ರಾನ್ಸಿಸ್ ಗ್ರೋಸ್ ತನ್ನ 1785ರ ಆಡುಮಾತಿನ ನಿಘಂಟಿನಲ್ಲಿ ದಾಖಲಿಸಿದ್ದಾನೆ.

ಈ ಅರ್ಥ ರಾಜಕಾರಣದಲ್ಲಿಯೂ ಬಳಕೆಯಾದುದಕ್ಕೆ 1689ರ ಘಟನೆಯೊಂದು ಸಾಕ್ಷಿ. ಎರಡನೆಯ ಜೇಮ್ಸ್ ದೇಶಬಿಟ್ಟ ಮೇಲೆ ಅವನ ಮಗಳು ಮೇರಿಯೊಬ್ಬಳೇ ರಾಣಿಯಾಗಲಿ ಎಂಬ ಅಭಿಪ್ರಾಯ ಕೆಲವರಲ್ಲಿತ್ತು. ಆಕೆಯ ಗಂಡ, ಆರೆಂಜಿನ ವಿಲಿಯಂ, ಏಪ್ರನ್ ದಾರದ ಆಧಾರದ ಮೇಲೆ ಯಾವುದನ್ನೂ ಹೊಂದಲಾರೆನೆಂದು ಹೇಳಿದನೆಂದು ಬಿಷಪ್ ಬರ್ನೆಟ್ ತನ್ನ ಕಾಲದ ಇತಿಹಾಸದಲ್ಲಿ ಬರೆದಿದ್ದಾನೆ. ಅಂದರೆ ಹೆಂಡತಿಯ ಹಕ್ಕಿನಿಂದ ಬರುವ, ಆಕೆಯೊಂದಿಗೆ ಮುಗಿದುಹೋಗಬಹುದಾದ ಅಧಿಕಾರ ಅವನಿಗೆ ಬೇಡವಾಗಿತ್ತು. ಫೆಬ್ರವರಿ 13ರಂದು ಕಿರೀಟವನ್ನು ಇಬ್ಬರಿಗೂ ಜಂಟಿಯಾಗಿ ಅರ್ಪಿಸಲಾಯಿತು; ಆಡಳಿತಾಧಿಕಾರ ವಿಲಿಯಮನದೇ ಆಯಿತು. 1694ರಲ್ಲಿ ಮೇರಿ ತೀರಿಕೊಂಡ ಬಳಿಕವೂ ಅವನು 1702ರವರೆಗೆ ರಾಜನಾಗಿಯೇ ಉಳಿದನು.

ಇದೇ ಪ್ರಸಂಗವನ್ನು ಮೆಕಾಲೆ 19ನೆಯ ಶತಮಾನದ ನಡುವಿನಲ್ಲಿ, ತನ್ನ ಇಂಗ್ಲೆಂಡಿನ ಇತಿಹಾಸದಲ್ಲಿ, ಮತ್ತೆ ನಿರೂಪಿಸುತ್ತಾನೆ. ಅಲ್ಲಿ ವಿಲಿಯಂ ಒಲ್ಲೆನೆನ್ನುವುದು ಏಪ್ರನ್ ದಾರಕ್ಕೆ ಕಟ್ಟುಬೀಳುವುದನ್ನು. ಬರ್ನೆಟ್ಟನಲ್ಲಿ ದಾರವು ಹಕ್ಕಿನ ಆಧಾರ. ಮೆಕಾಲೆಯಲ್ಲಿ ಅದು ಬಂಧನ. ಈ ಪಲ್ಲಟಕ್ಕೆ ಮೆಕಾಲೆಯೇ ಕಾರಣನೆಂದು ಹೇಳಬೇಕಾಗಿಲ್ಲ; ಆದರೆ ಎರಡು ಪಠ್ಯಗಳನ್ನು ಅಕ್ಕಪಕ್ಕದಲ್ಲಿರಿಸಿದಾಗ ಅದು ಸ್ಪಷ್ಟವಾಗಿ ಗೋಚರಿಸುತ್ತದೆ. ಹೆಣ್ಣಿನ ಆಸ್ತಿಯಿಂದ ಗಂಡಸಿಗಾಗುತ್ತಿದ್ದ ಲಾಭ ನುಡಿಯಿಂದ ಮರೆಯಾಗಿ, ಹೆಣ್ಣಿಗೆ ಮಣಿದ ಗಂಡಸಿನ ಮೇಲಿನ ಹಾಸ್ಯವಷ್ಟೇ ಉಳಿಯಿತು. ವಿವಾಹಿತೆಯರ ಆಸ್ತಿ ಕಾಯಿದೆಗಳು ಬಂದದ್ದು ಇದಾದ ಮೇಲೆ, 1870 ಮತ್ತು 1882ರಲ್ಲಿ.

ಇನ್ನು ಹೆಬ್ಬೆರಳಿನ ವಿಚಾರ. 'ರೂಲ್ ಆಫ್ ಥಂಬ್' ಎಂದರೆ ಅನುಭವದಿಂದ ಬಂದ ಅಂದಾಜಿನ ಸೂತ್ರ. ಈ ಅರ್ಥ 17ನೆಯ ಶತಮಾನದಲ್ಲಿಯೇ ಇತ್ತು. ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಗಂಡನು ಹೆಂಡತಿಯನ್ನು ಹೊಡೆಯಬಹುದೆಂದು ನ್ಯಾಯಾಧೀಶ ಫ್ರಾನ್ಸಿಸ್ ಬುಲ್ಲರ್ ಹೇಳಿದನೆಂಬ ಸುದ್ದಿ 1782ರಲ್ಲಿ ಹಬ್ಬಿತು. ಜೇಮ್ಸ್ ಗಿಲ್ರೇ ಅದೇ ವರ್ಷ ಅವನನ್ನು 'ಜಡ್ಜ್ ಥಂಬ್' ಎಂದು ವ್ಯಂಗ್ಯಚಿತ್ರದಲ್ಲಿ ಗೇಲಿಮಾಡಿದನು. ಆದರೆ ಅಂಥ ತೀರ್ಪು ದೊರೆತಿಲ್ಲ. ನುಡಿಗಟ್ಟಿಗೂ ಈ ಕೋಲಿಗೂ ಗಂಟುಹಾಕಿದ್ದು ಬಹುಮಟ್ಟಿಗೆ 1970ರ ದಶಕದ ಬರಹಗಳು. 1982ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಆಯೋಗದ ವರದಿಯೊಂದರ ಶೀರ್ಷಿಕೆಯಲ್ಲಿಯೂ ಅದು ಸೇರಿಕೊಂಡಿತು. ಹೆನ್ರಿ ಆನ್ಸ್‌ಗರ್ ಕೆಲ್ಲಿ 1994ರ ಲೇಖನದಲ್ಲಿ ಈ ಐತಿಹ್ಯವನ್ನು ವಿವರವಾಗಿ ಪರಿಶೀಲಿಸಿದರು.

ಹಾಗೆಂದ ಮಾತ್ರಕ್ಕೆ ಹೊಡೆತವೇ ಕಟ್ಟುಕತೆಯಾಗುವುದಿಲ್ಲ. ಹಳೆಯ ಕಾನೂನು ಗಂಡನಿಗೆ ಹೆಂಡತಿಯನ್ನು ಮಿತವಾಗಿ ದಂಡಿಸುವ ಅಧಿಕಾರ ಕೊಟ್ಟಿತ್ತೆಂದು, ಮುಂದೆ ಅದು ಸಂದೇಹಕ್ಕೆ ಗುರಿಯಾಯಿತೆಂದು ಬ್ಲ್ಯಾಕ್‌ಸ್ಟನ್ 1765ರಲ್ಲಿ ಬರೆದನು. 1868ರಷ್ಟು ಈಚೆಗೆ ಉತ್ತರ ಕೆರೊಲಿನಾದ ಮೊಕದ್ದಮೆಯೊಂದರಲ್ಲಿ ಕೆಳ ನ್ಯಾಯಾಲಯ ಹೆಬ್ಬೆರಳಿನ ಅಳತೆಯನ್ನು ಆಧರಿಸಿಯೇ ಆರೋಪಿ ಗಂಡನ ಪರವಾಗಿ ನಿಂತಿತು. ಆದ್ದರಿಂದ ನುಡಿಗಟ್ಟಿನ ವ್ಯುತ್ಪತ್ತಿ ಸುಳ್ಳು. ಹಿಂಸೆಗಿದ್ದ ಸಮ್ಮತಿ ನಿಜ. ಒಂದನ್ನು ಅಲ್ಲಗಳೆಯುವ ಉತ್ಸಾಹದಲ್ಲಿ ಇನ್ನೊಂದನ್ನೂ ಅಲ್ಲಗಳೆಯುವುದು ಚರಿತ್ರೆಗೆ ಮಾಡುವ ಅಪಚಾರ.

ಕನ್ನಡದ ನೆರೆಯಲ್ಲಿ ಅನ್ಯಭಾಷೆಗಳನ್ನಿಟ್ಟುಕೊಂಡು ಕೆಲಸಮಾಡುವ ಹೊರನಾಡಿನ ವಿದ್ವಾಂಸರಿಗೆ ಈ ಚರ್ಚೆ ಅಪ್ರಸ್ತುತವಲ್ಲ. 'ಏಪ್ರನ್ ದಾರ'ಕ್ಕೆ 'ಹೆಂಡತಿಯ ಸೆರಗು ಹಿಡಿದು ತಿರುಗುವವನು' ಎಂಬ ಅನುವಾದ ಇಂದಿನ ಕಾದಂಬರಿಗೆ ಒಪ್ಪೀತು. 1689ರ ಬರಹಕ್ಕೆ ಅದು ಒಪ್ಪದು. ಅಲ್ಲಿ ಬೇಕಾದದ್ದು ಸೆರಗಲ್ಲ, ಹೆಂಡತಿಯ ಆಸ್ತಿಯನ್ನು ನೆಚ್ಚಿದ 'ಮನೆಯಳಿಯ'ನ ಸ್ಥಿತಿಗೆ ಸಮೀಪವಾದ ಮಾತು. ಸರಿಸಮಾನವಾದ ನುಡಿಗಟ್ಟು ದೊರೆತ ಕೂಡಲೆ ಶೋಧ ಮುಗಿಯಿತೆನ್ನುವಂತಿಲ್ಲ. ಯಾರ ಹಕ್ಕಿನಿಂದ ಯಾರು ಬಾಳಿದರು, ಯಾರ ಕೈ ಯಾರ ಮೇಲಿತ್ತು ಎಂಬುದನ್ನು ಆಯಾ ಕಾಲದ ಕಾನೂನಿನೊಡನೆ ತಾಳೆನೋಡಿದ ಬಳಿಕವೇ ಅರ್ಥನಿರ್ಣಯಕ್ಕೆ ಕೈಹಾಕುವುದು ಉಚಿತ.