ಕ್ರಾಫ್ಟ್ಸ್‌ಮನ್ ಮನೆಗಳ ಕಿಟಕಿ ಮೇಲ್ಕಟ್ಟು

ಕಿಟಕಿಯ ಹೊರಗೆ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಬಿಸಿಲೇರಿದಾಗ ಇಳಿಬಿಟ್ಟು, ಬೇಡವಾದಾಗ ಹಗ್ಗವೆಳೆದು ಗೋಡೆಗೆ ಮಡಿಸಿಡುವ ಇಳಿಜಾರು ಬಟ್ಟೆಯ ಮರೆಯೇ ಮೇಲ್ಕಟ್ಟು. ಪ್ರಾಚೀನ ರೋಮಿನ ಕೊಲೊಸಿಯಂನಲ್ಲಿ ಪ್ರೇಕ್ಷಕರಿಗೆ ನೆರಳನ್ನೀಯುತ್ತಿದ್ದ ವಿಶಾಲ ವಿತಾನದಲ್ಲಿ ಇದರ ಪೂರ್ವರೂಪವನ್ನು ಕಾಣಬಹುದಾದರೂ, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದು ಮೊದಲು ಅಂಗಡಿಬೀದಿಗಳನ್ನು ಆಶ್ರಯಿಸಿ, ಮಡಿಸಬಲ್ಲ ಚೌಕಟ್ಟುಗಳು 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದ ಬಳಿಕ ವಾಸಗೃಹಗಳಿಗೂ ವ್ಯಾಪಿಸಿತು.

ಈ ಪದ್ಧತಿ ರೂಢಮೂಲವಾಗಿದ್ದ ಕಾಲದಲ್ಲಿಯೇ, ಇಂಗ್ಲೆಂಡಿನ ಚಿಂತಕರಾದ ಜಾನ್ ರಸ್ಕಿನ್ ಮತ್ತು ವಿಲಿಯಂ ಮಾರಿಸರ ಕರಕುಶಲತೆಯ ಆದರ್ಶದಿಂದ ಪ್ರೇರಿತನಾದ ಗುಸ್ಟಾವ್ ಸ್ಟಿಕ್ಲಿಯು 1901ರಿಂದ 1916ರವರೆಗೆ ಹೊರಡಿಸಿದ 'ದಿ ಕ್ರಾಫ್ಟ್ಸ್‌ಮನ್' ಪತ್ರಿಕೆಯ ಮೂಲಕ, ಮರವನ್ನು ಮರವಾಗಿಯೇ ಕಲ್ಲನ್ನು ಕಲ್ಲಾಗಿಯೇ ತೋರುವ ನಿರಾಡಂಬರ ಕ್ರಾಫ್ಟ್ಸ್‌ಮನ್ ಗೃಹಶೈಲಿಯು ಅಮೆರಿಕದಲ್ಲಿ ಪ್ರಚಾರಕ್ಕೆ ಬಂದಿತು. ವಾಸ್ತುಶಿಲ್ಪಿಗಳಾದ ಗ್ರೀನ್ ಸಹೋದರರು 1908ರಲ್ಲಿ ಪ್ಯಾಸಡೀನಾ ನಗರದಲ್ಲಿ ರೂಪಿಸಿದ ಗ್ಯಾಂಬಲ್ ಭವನದಲ್ಲಿ ಕಾಣುವಂತೆ, ಗೋಡೆಯಿಂದ ಬಹುದೂರ ಚಾಚಿದ ಸೂರೇ ಈ ಶೈಲಿಯ ಮನೆಗಳಲ್ಲಿ ನೆರಳಿನ ಹೊಣೆಯ ಬಹುಭಾಗವನ್ನು ಹೊತ್ತಿರುವುದು. ಆದುದರಿಂದ ಮೇಲ್ಕಟ್ಟು ಇಲ್ಲಿ ಸರ್ವತ್ರ ತೊಡಿಸಬೇಕಾದ ಅಲಂಕಾರವಲ್ಲ. ಸೂರಿನ ಆಸರೆ ತಲಪದ ಕಿಟಕಿಗಳಿಗೂ, ಸೂರಿನಡಿಯಿಂದ ನುಸುಳುವ ಸಂಜೆಯ ಓರೆಬಿಸಿಲಿಗೆ ಒಡ್ಡಿಕೊಂಡ ಪಡುವಣ ಕಿಟಕಿಗಳಿಗೂ ಅದು ನಿಜವಾದ ಅವಶ್ಯಕತೆ.

ಅಂದಿನ ಮೇಲ್ಕಟ್ಟಿನ ಬಟ್ಟೆ ದಪ್ಪ ಹತ್ತಿಯ ಕ್ಯಾನ್ವಾಸ್. ಅಗಲವಾದ ಪಟ್ಟೆಗಳೂ, ಮುಂದಂಚಿನಲ್ಲಿ ಇಳಿಬಿದ್ದ ಝಾಲರಿಯೂ ಅದರ ಸಾಮಾನ್ಯ ಲಕ್ಷಣಗಳು. ಚಳಿಗಾಲದ ಹಿತವಾದ ಬಿಸಿಲು ಒಳಗೆ ಬರಲೆಂದು ಅದನ್ನು ಶರತ್ಕಾಲದಲ್ಲಿ ಕಳಚಿ ಒಳಗಿರಿಸುತ್ತಿದ್ದರು. ಋತುವನ್ನನುಸರಿಸಿ ನಡೆಯುವ ಈ ಗುಣವೇ ಅದರ ಸತ್ತ್ವ. ಎರಡನೆಯ ಮಹಾಯುದ್ಧದ ತರುವಾಯ ಹವಾನಿಯಂತ್ರಣ ಯಂತ್ರಗಳು ಮನೆಮನೆಗೂ ಬಂದು ಮೇಲ್ಕಟ್ಟುಗಳು ವಿರಳವಾಗಲು, ಉಳಿದೆಡೆಗಳಲ್ಲಿ ಕದಲದ ಅಲ್ಯೂಮಿನಿಯಂ ತಗಡು ಬಟ್ಟೆಯ ಸ್ಥಾನವನ್ನಾಕ್ರಮಿಸಿತು. ತಗಡು ಬಾಳಿಕೆಯದಾದರೂ, ಸಾಮಗ್ರಿಯ ಸಹಜತೆಯನ್ನೇ ವ್ರತವಾಗಿ ಹಿಡಿದ ಈ ಮನೆಗಳಿಗೆ ಅದು ಒಪ್ಪತಕ್ಕದ್ದಲ್ಲ.

ಬೇಗನೆ ಬಣ್ಣ ಮಾಸದ, ಕೊಳೆಯದ ಅಕ್ರಿಲಿಕ್ ನೆಯ್ಗೆ 1960ರ ದಶಕದಿಂದ ದೊರೆಯತೊಡಗಿದ ಮೇಲೆ, ಹಳೆಯ ರೂಪವನ್ನು ಬಿಡದೆಯೇ ಬಾಳಿಕೆಯನ್ನು ಪಡೆಯುವುದು ಸಾಧ್ಯವಾಯಿತು. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಮೇಲ್ಕಟ್ಟು ಬೇಸಗೆಯ ಸೂರ್ಯತಾಪವನ್ನು ದಕ್ಷಿಣದ ಕಿಟಕಿಗಳಲ್ಲಿ ಶೇಕಡಾ 65ರವರೆಗೂ, ಪಶ್ಚಿಮದವುಗಳಲ್ಲಿ ಶೇಕಡಾ 77ರವರೆಗೂ ತಗ್ಗಿಸಬಲ್ಲುದು. ಆಯ್ಕೆಯಲ್ಲಿ ಹಸುರು, ಕಂದು ಮೊದಲಾದ ಮಣ್ಣಿನ ವರ್ಣಗಳು ಈ ಮನೆಗಳ ಮರಗೆಲಸದೊಡನೆ ಹೊಂದುವುವು. ಮೇಲ್ಕಟ್ಟಿನ ಅಗಲವು ಕಿಟಕಿಯ ತೆರಪಿಗೆ ಸರಿಯಾಗಿದ್ದು, ಸುತ್ತಣ ಮರದ ಪಟ್ಟಿಗಳನ್ನೂ ಸೂರಿನಡಿ ಇಣುಕುವ ತೊಲೆಯ ತುದಿಗಳನ್ನೂ ಮುಚ್ಚದಿರಬೇಕು. ಈ ಅಳತೆಗಾಗಿ ಊಹೆಯನ್ನು ನೆಚ್ಚುವುದಕ್ಕೆ ಮೊದಲು ಮನೆಯ ಹಳೆಯ ಛಾಯಾಚಿತ್ರಗಳನ್ನೂ, ಕಿಟಕಿಯ ಮರದಲ್ಲಿ ಬಣ್ಣದ ಪದರಗಳಡಿ ಉಳಿದಿರಬಹುದಾದ ಕೊಕ್ಕೆ, ರಾಟೆ, ಮೊಳೆತೂತುಗಳನ್ನೂ ಪರೀಕ್ಷಿಸತಕ್ಕದ್ದು.